ಅಪ್ಪನ ಜಾವಾಗೆ ಪಿಸ್ಟನ್ ಎಲ್ಲಿ ಹುಡುಕಲಿ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಅರಸೀಕೆರೆ ಕಡೆ. ತಂದೆಯವರ 1969ರ ಜಾವಾ 250 ಬೈಕು ಹನ್ನೆರಡು ವರ್ಷ ಕೊಟ್ಟಿಗೆಯಲ್ಲೇ ನಿಂತಿತ್ತು. ಹೋದ ತಿಂಗಳು ಹೊರಗೆ ತೆಗೆದೆ. ಮೂವತ್ತು ಕಿಲೋಮೀಟರ್ ಓಡುವಷ್ಟರಲ್ಲಿ ಎಂಜಿನ್ ಸೀಜ್ ಆಯಿತು, ಅಂದರೆ ಪಿಸ್ಟನ್ ಒಳಗೇ ಹಿಡಿದು ನಿಂತಿತು. ಪಿಸ್ಟನ್ ತುಂಬ ಗೀರುಗಳಿವೆ. ಇಲ್ಲಿನ ಮೆಕ್ಯಾನಿಕ್ ಮೊದಲು ಬೋರ್ ಮಾಡಿಸಿ (ಸಿಲಿಂಡರಿನ ಒಳಗೋಡೆ ಕೊರೆಸಿ), ಪಿಸ್ಟನ್ ಆಮೇಲೆ ಹುಡುಕೋಣ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ದಯವಿಟ್ಟು ಬೋರ್ ಮಾಡಿಸಬೇಡಿ! ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನು ಅಳೆದು, ಅದಕ್ಕೆ ತಕ್ಕಂತೆ ಬೋರ್ ಮಾಡಿಸಬೇಕು. ನಿಮ್ಮ ಎಂಜಿನ್ನಿನ ಮೂಲ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 65 ಮಿಲಿಮೀಟರ್. ಅದಕ್ಕಿಂತ ದಪ್ಪನೆಯ ಓವರ್‌ಸೈಜ್ ಪಿಸ್ಟನ್‌ಗಳು ಸಾಮಾನ್ಯವಾಗಿ 0.25 ಮಿಲಿಮೀಟರ್ ಹೆಜ್ಜೆಯಲ್ಲಿ ಬರುತ್ತವೆ. ಈಗಲೇ 0.50ಕ್ಕೆ ಕೊರೆಸಿ, ನಾಳೆ 0.25 ಮಾತ್ರ ಸಿಕ್ಕರೆ ಅದು ಸಡಿಲವಾಗುತ್ತದೆ, ಕೊರೆದದ್ದು ವ್ಯರ್ಥ. ಸಿಲಿಂಡರ್ ಬ್ಲಾಕಿನಲ್ಲಿ ಉಳಿದಿರುವ ಲೋಹ ಚಿನ್ನದಂತೆ, ಕಳೆದರೆ ಮತ್ತೆ ಬಾರದು. ಬೋರ್ ಆದ ಮೇಲೆ ಪೋರ್ಟ್‌ಗಳ (ಸಿಲಿಂಡರ್ ಗೋಡೆಯ ಕಿಂಡಿಗಳ) ಅಂಚನ್ನು ಉಜ್ಜಿ ನಯಗೊಳಿಸಲು ಲೇತ್‌ನವರಿಗೆ ಒತ್ತಿ ಹೇಳಿ. ಚೂಪು ಬಿಟ್ಟರೆ ಪಿಸ್ಟನ್ ಸುತ್ತಲಿನ ರಿಂಗ್ ಸಿಕ್ಕಿ ಮುರಿಯುತ್ತದೆ.

ಇದಕ್ಕಿಂತ ಮುಖ್ಯ ಮಾತು, ಅದು ಯಾಕೆ ಸೀಜ್ ಆಯಿತು? ಪೆಟ್ರೋಲಿಗೆ ಆಯಿಲ್ ಸರಿಯಾಗಿ ಬೆರೆಸಿದ್ದಿರಾ? ಲೀಟರಿಗೆ 40 ಮಿಲಿ ಬೇಕು. ಬೆರೆಸಿದ್ದರೆ ನನ್ನ ಅನುಮಾನ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ತುದಿಗಳಲ್ಲಿರುವ ರಬ್ಬರಿನ ಆಯಿಲ್ ಸೀಲ್‌ಗಳ ಮೇಲೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅವು ಒಣಗಿ ಗಟ್ಟಿಯಾಗುತ್ತವೆ. ಅಲ್ಲಿಂದ ಗಾಳಿ ನುಗ್ಗಿದರೆ ಗಾಳಿ ಹೆಚ್ಚಾಗಿ ಪೆಟ್ರೋಲ್, ಆಯಿಲ್ ಕಡಿಮೆಯಾಗಿ ಪಿಸ್ಟನ್ ಕಾದು ಹಿಡಿಯುತ್ತದೆ. ಸೀಲ್ ಬದಲಿಸದೆ ಹೊಸ ಪಿಸ್ಟನ್ ಹಾಕಿದರೆ ಅದೂ ಹೋಗುತ್ತದೆ. ಸೀಲ್, ಬೇರಿಂಗ್‌ಗಳಿಗೆ ಜಾವಾ ಅಂಗಡಿಯೇ ಬೇಕಿಲ್ಲ. ಹಳೆಯದರ ಮೇಲಿನ ನಂಬರ್ ಅಥವಾ ಒಳವ್ಯಾಸ, ಹೊರವ್ಯಾಸ, ದಪ್ಪ ಬರೆದುಕೊಂಡು ಬೇರಿಂಗ್ ಅಂಗಡಿಗೆ ಹೋಗಿ.

ಪ್ರಶ್ನೆ: 2018ರಲ್ಲಿ ಮತ್ತೆ ಬಂದ ಜಾವಾದ ಪಿಸ್ಟನ್ ಹೊಂದುತ್ತದೆಯೇ ಸರ್?

ಉತ್ತರ: ಇಲ್ಲ. ಅದು 293 ಸಿಸಿ, ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್. ನಿಮ್ಮದು ಟೂ ಸ್ಟ್ರೋಕ್. ಹೆಸರೊಂದೇ ಸಮಾನ.

ಹಳೆಯ ಜಾವಾ ತಯಾರಾಗುತ್ತಿದ್ದ ನಮ್ಮ ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದರೂ ಸಾಮಾನು ಪೂರ್ತಿ ಬತ್ತಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಿ. ಸಣ್ಣ ಊರುಗಳ ಹಳೆಯ ಬಿಡಿಭಾಗದ ಅಂಗಡಿಗಳನ್ನು ಬಿಡಬೇಡಿ, ಅಟ್ಟದ ಮೇಲೆ ಡಬ್ಬಿ ಬಿಚ್ಚದ ಪಿಸ್ಟನ್‌ಗಳು ಇರುವುದುಂಟು. ನಿಮ್ಮದು ಜೆಕ್ ವಿನ್ಯಾಸದ 353 ಮಾದರಿ. ಹಾಗಾಗಿ ಜೆಕ್ ದೇಶದಲ್ಲಿ ಈಗಲೂ ತಯಾರಾಗುವ ಭಾಗಗಳನ್ನು ತರಿಸಿಕೊಳ್ಳುವ ದಾರಿಯೂ ಇದೆ. ತರಿಸುವ ಮುನ್ನ ಪಿಸ್ಟನ್ನಿನ ಅಡ್ಡ ಪಿನ್ನಿನ ವ್ಯಾಸ, ಪಿನ್ನಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರ, ರಿಂಗ್ ತಡೆಯುವ ಮೊಳೆಗಳ ಜಾಗ ತಾಳೆ ನೋಡಿ.

ಹಳೆಯ ಪಿಸ್ಟನ್ ಗುಜರಿಗೆ ಹಾಕಬೇಡಿ. ಅದನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಜೊತೆಗೇ ಒಯ್ಯಿರಿ. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಹಣ ಕೊಡಿ.