ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಒಡೆಯುತ್ತಿದೆ, ಏನು ಮಾಡಲಿ?

ಪ್ರಶ್ನೆ, ಕಲಬುರಗಿಯಿಂದ:
ಸೂಪರ್ ಮಾರ್ಕೆಟ್ ಹತ್ತಿರ ಮೂರು ಜನರ ಸಣ್ಣ ಡಿಸೈನ್ ಸ್ಟುಡಿಯೊ ನಮ್ಮದು. ಈ ವಾರ ಪುಟ ವಿನ್ಯಾಸದ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ತೊಗರಿಬೇಳೆ ಪ್ಯಾಕೆಟ್ ಕೆಲಸ. ನಮ್ಮ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಸಿಗೋ ಭೌಗೋಳಿಕ ಗುರುತು) ಸಿಕ್ಕಿದೆ. ಅದಕ್ಕೇ ಪ್ಯಾಕೆಟ್ ಮೇಲೆ ಕನ್ನಡ ದೊಡ್ಡದಾಗಿ ಕಾಣಬೇಕು ಅಂತ ನನ್ನ ಹಟ. ಆದರೆ ‘ಕಪ್ಪು ಮಣ್ಣಿನ ಬೇಳೆ’ ಅಂತ ಹಾಕಿದರೆ ‘ಕಪ್‌ಪು ಮಣ್‌ಣಿನ’ ಅಂತ ಬರುತ್ತೆ. ಗಿರಾಕಿ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಕಳಿಸಿದ ಮ್ಯಾಟರ್ ಅಂತೂ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಅಕ್ಷರಗಳನ್ನ ಚಿತ್ರ ಮಾಡಿ ಅಂಟಿಸೋಕೆ ಮನಸ್ಸಿಲ್ಲ. ಶುಕ್ರವಾರ ಪ್ರಿಂಟಿಗೆ ಹೋಗಬೇಕು.

ಬೀದರ್‌ನಿಂದ:
ಸರ್, ಪ್ಯಾರಾಗ್ರಾಫ್ ಪ್ಯಾನೆಲ್ ಮೆನುವಿನಲ್ಲಿ ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ. ಒತ್ತು ತಾನಾಗಿ ಕೆಳಗೆ ಕೂರುತ್ತೆ. ಫಾಂಟ್ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಇರೋ ಪದ್ಧತಿ) ಇರಲಿ. ‘ಬಾಲೂ ತಮ್ಮ’ ಅನ್ನೋ ಫಾಂಟ್ ದಪ್ಪಗೆ ಚೆನ್ನಾಗಿದೆ, ಉಚಿತ ಕೂಡ.

ಯಾದಗಿರಿಯಿಂದ:
ಆ ನುಡಿ ಮ್ಯಾಟರ್ ಹಳೇ ಆಸ್ಕಿಯದು, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಕನ್ನಡ ಕೂರಿಸೋ ಪದ್ಧತಿ. ಮೊದಲು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಪೇಸ್ಟ್ ಮಾಡಿ. ಅರ್ಕಾವೊತ್ತು ಒಂದೊಂದೇ ನೋಡಿ, ನನಗೆ ಅಲ್ಲೇ ಜಾಸ್ತಿ ತಪ್ಪು ಸಿಕ್ಕಿದ್ದು. ಸಾಲುಗಳ ನಡುವೆ ಜಾಗ ಬಿಡಿ, ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗುತ್ತೆ.

ಕಲಬುರಗಿಯಿಂದ:
ಬಂತು ಅಣ್ಣಾ! ‘ಮಣ್ಣಿನ’ ಅನ್ನೋದರಲ್ಲಿ ಣ ಒತ್ತು ಸರಿಯಾಗಿ ಕೂತಿದೆ. ಸಾಲಿನ ಜಾಗ 14ರಿಂದ 18 ಪಾಯಿಂಟ್ ಮಾಡಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ರೀ. ಈಗ ಅರ್ಕಾವೊತ್ತು ನೋಡ್ತಾ ಕೂತಿದ್ದೇನೆ.