ಓನರ್ ಪತ್ರ ಕೊಡಲ್ಲ, ಹೆಸರು ಎಲ್ಲಿ ಸೇರಿಸಲಿ?: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ದಾವಣಗೆರೆ ನಿಟುವಳ್ಳಿಯ ಓದುಗರೊಬ್ಬರು ತಮ್ಮ ಕಷ್ಟ ಬರೆದಿದ್ದರು. ಗಂಡ ಆಟೋ ಓಡಿಸುತ್ತಾರೆ, ಇವರು ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಾರೆ. ಬಾಡಿಗೆ ಏರಿಸಿದಾಗಲೆಲ್ಲ ಮನೆ ಬದಲಾಯಿಸಬೇಕು. ಈಗಿನ ಓನರ್ ಬಾಡಿಗೆ ಕರಾರು ಪತ್ರ ಮಾಡಿಕೊಡಲು ತಯಾರಿಲ್ಲ. ವೋಟರ್ ಐಡಿಯಲ್ಲಿ ಇನ್ನೂ ಹಳೇ ವಿಳಾಸವೇ ಇದೆ. ಹೋದ ಚುನಾವಣೆಯಲ್ಲಿ ಹಳೇ ಬೂತ್‌ಗೆ ಹೋದರೆ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ‘ಸ್ವಂತ ಮನೆ ಇಲ್ಲದೋರಿಗೆ ಓಟೂ ಇಲ್ವಾ?’ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಪತ್ರದ ಆಸೆ ಬಿಡಿ

ತಂಗೀ, ಓಟು ಹಾಕೋಕೆ ಕಾರ್ಡ್ ಮುಖ್ಯ ಅಲ್ಲ, ಪಟ್ಟಿಯಲ್ಲಿ ಹೆಸರು ಮುಖ್ಯ. ಕಾರ್ಡ್ ಕಳೆದುಹೋಗಿದ್ದರೂ ಆಧಾರ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್, ಇವುಗಳಲ್ಲಿ ಒಂದು ತೋರಿಸಿದರೆ ಸಾಕು. ಹೆಸರಿಲ್ಲದಿದ್ದರೆ ಇವಿಷ್ಟನ್ನೂ ಚೀಲದಲ್ಲಿ ಹಾಕಿಕೊಂಡು ಹೋದರೂ ಬೂತಿನವರು ಏನೂ ಮಾಡೋಕಾಗಲ್ಲ.

ನಾನು ಶಾಲೆಯಲ್ಲಿದ್ದಾಗ ಬಿಎಲ್‌ಒ, ಅಂದರೆ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವ ಅಧಿಕಾರಿಯ ಕೆಲಸವನ್ನೂ ಮಾಡಿದವಳು. ಬಾಡಿಗೆ ಮನೆಯವರ ಹೆಸರು ಹೇಗೆ ಹೋಗುತ್ತೆ ಅಂತ ಹೇಳುತ್ತೇನೆ ಕೇಳಿ. ಮನೆ ಮನೆಗೆ ಹೋಗುತ್ತೇವೆ. ಬಾಗಿಲ ಚೌಕಟ್ಟಿನ ಮೇಲೆ ಜನಗಣತಿಯವರು ಬರೆದ ನಂಬರ್ ಒಂದು, ಪಾಲಿಕೆಯದ್ದು ಒಂದು, ಓನರ್ ತಾವೇ ಪೇಂಟ್ ಮಾಡಿಸಿದ್ದು ಇನ್ನೊಂದು. ಯಾವುದು ಪಟ್ಟಿಯಲ್ಲಿದೆಯೋ ಅದನ್ನು ಹುಡುಕಿ ಬಾಗಿಲು ತಟ್ಟಿದರೆ ಹೊಸಬರು ಬಂದಿರುತ್ತಾರೆ. ಪಕ್ಕದವರು ‘ಅವ್ರು ಖಾಲಿ ಮಾಡ್ಕೊಂಡು ಹೋದ್ರು, ಎಲ್ಲಿಗೆ ಅಂತ ಗೊತ್ತಿಲ್ಲ’ ಅನ್ನುತ್ತಾರೆ. ನಾವು ಹಾಗೇ ಬರೆದುಕೊಳ್ಳುತ್ತೇವೆ. ಆಮೇಲೆ ನೋಟಿಸ್ ಹೋಗೋದೂ ಅದೇ ಹಳೇ ಮನೆಗೆ! ಖಾಲಿ ಮಾಡಿ ಹೋದವರ ಕೈಗೆ ಅದು ಸಿಗೋದು ಹೇಗೆ? ನಿಮ್ಮದೂ ಹೀಗೇ ಆಗಿರಬೇಕು.

ಮೊದಲು ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಕಾರ್ಡ್ ನಂಬರ್ ಹಾಕಿ ನೋಡಿ, ಇಲ್ಲವೇ 1950ಕ್ಕೆ ಫೋನ್ ಮಾಡಿ. ಎಲ್ಲಾದರೂ ಹೆಸರು ಉಳಿದಿದ್ದರೆ ನಮೂನೆ 8 ಹಾಕಿ. ಮನೆ ಬದಲಾಗಿದ್ದಕ್ಕೂ ತಿದ್ದುಪಡಿಗೂ 2022ರಿಂದ ಅದೊಂದೇ ಅರ್ಜಿ. ಪೂರ್ತಿ ತೆಗೆದುಹಾಕಿದ್ದರೆ ಮಾತ್ರ ನಮೂನೆ 6. ಹೆಸರು ಒಂದು ಕಡೆ ಇರುವಾಗಲೇ ಇನ್ನೊಂದು ಕಡೆ ಹೊಸದಾಗಿ ನಮೂನೆ 6 ಹಾಕಬೇಡಿ. ಸೈಬರ್ ಸೆಂಟರಿನವರು ಸುಲಭ ಅಂತ ಅದನ್ನೇ ತುಂಬಿಬಿಡುತ್ತಾರೆ, ಕೂತು ಓದಿಸಿಕೊಳ್ಳಿ.

ಇನ್ನು ಓನರ್ ಪತ್ರ. ಆಯೋಗದ ಪಟ್ಟಿಯಲ್ಲಿ ಬಾಡಿಗೆದಾರರಿಗೆ ಕೇಳಿರೋದು ನೋಂದಣಿಯಾದ ಕರಾರು. ನಮ್ಮ ಕಡೆ ಮಾಡಿಸೋದು 11 ತಿಂಗಳ ನೋಟರಿ ಪತ್ರ. ಅಂದರೆ ನಿಮ್ಮ ಓನರ್ ಒಳ್ಳೆಯವರಾಗಿ ಬರೆದುಕೊಟ್ಟರೂ ಅದು ನಡೆಯುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಅದಕ್ಕಾಗಿ ಅವರ ಹತ್ತಿರ ಜಗಳ ಮಾಡಿ ಮನೆ ಕಳೆದುಕೊಳ್ಳಬೇಡಿ. ಆಧಾರ್ ವಿಳಾಸ ಬದಲಾಯಿಸಿಕೊಳ್ಳಿ, ಇಲ್ಲವೇ ಬ್ಯಾಂಕಿನಲ್ಲೋ ಪೋಸ್ಟಾಫೀಸಿನಲ್ಲೋ ಪಾಸ್‌ಬುಕ್ಕಿಗೆ ಹೊಸ ವಿಳಾಸ ಹಾಕಿಸಿ. ಯಾವ ದಾಖಲೆಯೂ ಇಲ್ಲದಿದ್ದರೆ ಬಿಎಲ್‌ಒ ಮನೆಗೆ ಬಂದು ನೋಡಬೇಕು ಅಂತಲೇ ಇದೆ. ಫುಟ್‌ಪಾತಿನಲ್ಲಿ ಮಲಗುವವರಿಗೂ ಇದೇ ದಾರಿ. ಬಿಎಲ್‌ಒ ರಾತ್ರಿ ಹೋಗಿ ಅವರು ನಿಜವಾಗಿ ಅಲ್ಲೇ ಮಲಗುತ್ತಾರಾ ಅಂತ ನೋಡಿ ಬರಬೇಕು, ಕಾಗದ ಕೇಳೋ ಹಾಗಿಲ್ಲ. ನೀವು ಅಂಗಡಿಗೆ ಹೋದ ಹೊತ್ತಲ್ಲಿ ಬಿಎಲ್‌ಒ ಬಂದು ಬೀಗ ನೋಡಿ ವಾಪಸ್ ಹೋಗದ ಹಾಗೆ ಅವರ ನಂಬರ್ ತಗೊಂಡು ಟೈಮ್ ಹೇಳಿಬಿಡಿ.

— ನಿವೃತ್ತ ಶಿಕ್ಷಕಿ, ವಿದ್ಯಾನಗರ, ದಾವಣಗೆರೆ

ಓನರ್‌ಗಳೆಲ್ಲ ರಾಕ್ಷಸರಲ್ಲ

ಇಂಥ ಪತ್ರ ಬಂದಾಗಲೆಲ್ಲ ಮನೆ ಮಾಲೀಕರನ್ನು ಬೈಯೋದು ರೂಢಿ ಆಗಿದೆ. ನಾನೂ ಮೇಲ್ಮಹಡಿ ಬಾಡಿಗೆಗೆ ಕೊಟ್ಟಿದ್ದೇನೆ. ಸಾಲ ಮಾಡಿ ಕಟ್ಟಿದ ಮನೆ, ಕಂತು ತಿಂಗಳು ತಿಂಗಳು ಕಟ್ಟಲೇಬೇಕು. ಹಿಂದಿನ ಬಾಡಿಗೆದಾರ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಗೆ ಅಂತ ನಮ್ಮ ಕರೆಂಟ್ ಬಿಲ್ಲಿನ ಆರ್‌ಆರ್ ನಂಬರಿಗೆ ತನ್ನ ಆಧಾರ್ ಜೋಡಿಸಿಕೊಂಡಿದ್ದ. ಹೋಗುವಾಗ ತೆಗೆಸಲೇ ಇಲ್ಲ. ಹೊಸದಾಗಿ ಬಂದವರಿಗೆ ಯೋಜನೆ ಸಿಗಲಿಲ್ಲ, ಅವರು ಬಂದು ನನ್ನ ಮೇಲೆ ಕೂಗಾಡಿದರು. ಡಿ-ಲಿಂಕ್ ಮಾಡಿಸೋಕೆ ನಾನು ಓಡಾಡಬೇಕಾಯ್ತು. ಒಂದು ಕಾಗದದಲ್ಲಿ ನನ್ನ ಮನೆ ನಂಬರ್ ಬಿದ್ದರೆ ಮುಂದೆ ಏನೇನು ಬಂದೀತೋ ಅಂತ ಹೆದರಿಕೆ ಆಗುತ್ತೆ, ಅದನ್ನ ದುರಾಸೆ ಅಂದರೆ ಹೇಗೆ?

ವೋಟರ್ ಲಿಸ್ಟಿನಲ್ಲಿ ಹೆಸರು ಬಂದರೆ ಮನೆ ಮೇಲೆ ಹಕ್ಕು ಬರುತ್ತೆ ಅಂತ ನಮ್ಮ ಓಣಿಯಲ್ಲಿ ದೊಡ್ಡವರೇ ಹೇಳುತ್ತಾರೆ. ಅದು ಸುಳ್ಳಾದರೆ ಗೊತ್ತಿದ್ದವರು ದಯವಿಟ್ಟು ಇಲ್ಲೇ ಬರೆಯಿರಿ, ನಾನು ಕತ್ತರಿಸಿ ಎಲ್ಲರಿಗೂ ತೋರಿಸುತ್ತೇನೆ. ಬಾಡಿಗೆ ಏರಿಸೋ ವಿಚಾರಕ್ಕೆ ಮಾತ್ರ ನಾನು ಸಮಜಾಯಿಷಿ ಕೊಡಲ್ಲ. ಮಾರ್ಕೆಟ್ ಹಾಗಿದೆ, ನಾನೊಬ್ಬ ಕಮ್ಮಿ ತಗೊಂಡರೆ ಊರೇನೂ ಬದಲಾಗಲ್ಲ.

— ಮನೆ ಮಾಲೀಕ, ಶಾಮನೂರು ರಸ್ತೆ

ಮಾರ್ಕೆಟ್ ಅಂತೆ!

ಮಾರ್ಕೆಟ್ ಹಾಗಿದೆ ಅನ್ನೋ ಮಾತು ನಾನೂ ಕೇಳಿ ಕೇಳಿ ಸಾಕಾಗಿದೆ. ಕಾಲೇಜು, ಆಸ್ಪತ್ರೆ ಸುತ್ತ ಮನೆ ಕೇಳಿ ನೋಡಿ. ಎರಡು ರೂಮಿನ ಮನೆಗೆ ನಾಲ್ಕು ಸ್ಟೂಡೆಂಟ್ಸ್ ಬಂದರೆ ತಲೆಗಿಷ್ಟು ಅಂತ ವಸೂಲಿ ಮಾಡಬಹುದು, ಸಂಸಾರಸ್ಥರಿಗೆ ಕೊಟ್ಟರೆ ಏನು ಸಿಗುತ್ತೆ ಅಂತ ಬ್ರೋಕರ್ ಮುಖಕ್ಕೇ ಹೇಳಿದ. ಅವನಿಗೊಂದು ತಿಂಗಳ ಬಾಡಿಗೆ, ಓನರಿಗೆ ಅಡ್ವಾನ್ಸು, ಖಾಲಿ ಮಾಡುವಾಗ ಸುಣ್ಣ ಬಣ್ಣದ ದುಡ್ಡು ಅಡ್ವಾನ್ಸಿನಲ್ಲೇ ಮುರ್ಕೊಳ್ಳೋದು. ನಾನು ಗೋಡೆಗೆ ಹೊಡೆದ ಒಂದು ಮೊಳೆಗೂ ಲೆಕ್ಕ ಹಾಕಿದ್ದರು, ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ.

ಸ್ಮಾರ್ಟ್ ಸಿಟಿ ಮೊದಲ ಪಟ್ಟಿ ಬಂದಿದ್ದು 2016ರಲ್ಲಿ, ದೇಶದ 20 ಊರಲ್ಲಿ ದಾವಣಗೆರೆನೂ ಒಂದು. ಪಟಾಕಿ ಹೊಡೆದೋರಲ್ಲಿ ನಾನೂ ಇದ್ದೆ. ರಸ್ತೆ ಆಯ್ತು, ಲೈಟ್ ಬಂತು, ಸರಿ. ರಸ್ತೆ ಚೆನ್ನಾಗಿ ಆದ ಕಡೆ ಬಾಡಿಗೆ ಏರಿತು, ನಮ್ಮಂಥೋರು ಊರ ಅಂಚಿಗೆ ಹೋದ್ವಿ. ಅಲ್ಲಿಂದ ಕೆಲಸಕ್ಕೆ ಪೆಟ್ರೋಲ್ ಖರ್ಚು. ಸೈಟ್ ತಗೊಳ್ಳೋಣ ಅಂದರೆ ಅಗ್ಗದ್ದೆಲ್ಲ ರೆವಿನ್ಯೂ ಸೈಟು, ಇ-ಖಾತೆ ಆಗುತ್ತೋ ಇಲ್ವೋ ದೇವರಿಗೇ ಗೊತ್ತು.

ಅಕ್ಕಾ, ಚುನಾವಣೆಗೆ ಮುಂಚೆ ಕೈ ಮುಗಿಯೋಕೆ ಬರೋರಿಗೆ ನಮ್ಮ ಮನೆ ಹೇಗೆ ಸಿಗುತ್ತೆ ಹೇಳಿ? ಶೀಟ್ ಮನೆ, ಹಿಂದಿನ ಸಂದಿ, ಮಹಡಿ ಮೇಲಿನ ರೂಮು, ಎಲ್ಲಾ ಗೊತ್ತಿರುತ್ತೆ. ಪಟ್ಟಿ ಮಾಡೋರಿಗೆ ಮಾತ್ರ ಸಿಗಲ್ಲ. ನನಗಂತೂ ಓಟಿನ ಮೇಲೆ ನಂಬಿಕೆ ಹೋಗಿದೆ. ನೀವು ಹಾಕೋದಾದರೆ ಹಾಕಿ.

— ಡೆಲಿವರಿ ಹುಡುಗ, ಆವರಗೆರೆ

ಊರಲ್ಲೇ ಇಟ್ಟುಬಿಡಿ

ನಾವು ಜಗಳೂರು ತಾಲ್ಲೂಕಿನವರು, ಕೆಲಸಕ್ಕೆ ದಾವಣಗೆರೆಯಲ್ಲಿದ್ದೇವೆ. ಹೆಸರು ಊರಲ್ಲೇ ಇದೆ. ಅಲ್ಲಿ ಯಾರೂ ಖಾಲಿ ಮಾಡಿಸಲ್ಲ, ಚುನಾವಣೆ ನೆಪದಲ್ಲಿ ಅಪ್ಪ ಅವ್ವನ್ನ ನೋಡಿಕೊಂಡು ಬರ್ತೀವಿ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡ್ರೀ ಅಕ್ಕಾ, ತವರಲ್ಲೋ ಗಂಡನ ಮನೆ ಊರಲ್ಲೋ ಸೇರಿಸಿಬಿಡಿ.

— ಗಾರೆ ಕೆಲಸದವರು

ಚಿತ್ರದುರ್ಗದಿಂದ ಒಂದಿಷ್ಟು ಕಾನೂನು

ಪತ್ರಿಕೆಯವರು ನನಗೆ ಉಳಿದ ಪತ್ರಗಳನ್ನೂ ಕಳಿಸಿ ಉತ್ತರ ಕೇಳಿದ್ದಾರೆ. ಶಾಮನೂರು ರಸ್ತೆಯವರೇ, ಕತ್ತರಿಸಿ ಇಟ್ಟುಕೊಳ್ಳಿ. ಮತದಾರರ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರಿಗೂ ನಿಮ್ಮ ಮನೆ ಮೇಲೆ ಯಾವ ಹಕ್ಕೂ ಬರಲ್ಲ. ಹೆಸರು ಸೇರಿಸೋಕೆ ನಿಮ್ಮ ಒಪ್ಪಿಗೆಯೂ ಬೇಕಿಲ್ಲ. 11 ತಿಂಗಳ ಕರಾರಿನ ಗುಟ್ಟು ಇಷ್ಟೇ: 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಕರಾರು ಕಡ್ಡಾಯವಾಗಿ ನೋಂದಣಿ ಆಗಬೇಕು. ಅದನ್ನು ತಪ್ಪಿಸಿಕೊಳ್ಳೋಕೆ ಒಂದು ತಿಂಗಳು ಕಮ್ಮಿ. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ದಾಟಬಾರದು ಅಂತ ಕೇಂದ್ರ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಹೇಳಿತು. ಆದರೆ ಹೆಸರೇ ಹೇಳುವ ಹಾಗೆ ಅದು ಮಾದರಿ. ರಾಜ್ಯ ತಾನೇ ಕಾನೂನು ಮಾಡದೆ ಅದನ್ನು ತೋರಿಸಿ ಓನರ್ ಹತ್ತಿರ ವಾದ ಮಾಡೋಕಾಗಲ್ಲ.

‘ಸ್ವಂತ ಮನೆ ಇಲ್ಲದೋರಿಗೆ ಓಟೂ ಇಲ್ವಾ’ ಅಂತ ಕೇಳಿದ್ದೀರಲ್ಲ ತಾಯಿ, ಕಾನೂನು ಇರೋದು ಸರಿಯಾಗಿ ಉಲ್ಟಾ. ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ಓದು ನೋಡಿ ಓಟು ಕೊಡುತ್ತಿದ್ದರು. ಸಂವಿಧಾನದ 326ನೇ ವಿಧಿ ಅದನ್ನೆಲ್ಲ ಕಿತ್ತುಹಾಕಿತು. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಮಿನಲ್ಲಂತೂ ಒಂದು ಊರಲ್ಲಿ ಮನೆ ಇದೆ ಅನ್ನೋ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ವಾಸಿ ಆಗಲ್ಲ ಅಂತ ಬರೆದಿದೆ. ದಾವಣಗೆರೆಯಲ್ಲಿ ಮೂರು ಮನೆ ಕಟ್ಟಿಸಿ ಬೆಂಗಳೂರಲ್ಲಿ ಇರುವವರು ಇಲ್ಲಿನ ಮತದಾರರಲ್ಲ, ಅವರ ಮನೆಯಲ್ಲಿ ಬಾಡಿಗೆಗಿರುವ ನೀವು ಮತದಾರರು. ಗಾರೆ ಕೆಲಸದ ಅಣ್ಣನಿಗೂ ಇದೇ ಉತ್ತರ. ಸಂಸಾರ ಸಮೇತ ಇಲ್ಲೇ ನೆಲೆ ನಿಂತವರು ಇಲ್ಲೇ ಹೆಸರು ಸೇರಿಸಬೇಕು. ಎರಡೂ ಕಡೆ ಇದ್ದರಂತೂ ಕಾನೂನಿಗೆ ವಿರುದ್ಧ. ಅರ್ಜಿಯಲ್ಲಿ ಗೊತ್ತಿದ್ದೂ ಸುಳ್ಳು ಬರೆದರೆ ಒಂದು ವರ್ಷದವರೆಗೆ ಜೈಲು, ದಂಡ ಇದೆ. ಊರಿಗೆ ಹೋಗಿ ಅಪ್ಪ ಅವ್ವನ್ನ ನೋಡೋಕೆ ಚುನಾವಣೆನೇ ಬರಬೇಕಾ ಮಾರಾಯರೇ?

ಇದು ಸಣ್ಣ ವಿಷಯ ಅಂತ ಬಿಡಬೇಡಿ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ ಕರಡು ಪಟ್ಟಿ ಬಂದಾಗ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ತೀರಿಕೊಂಡವರು ಅಂತ ತೋರಿಸಿದ್ದು ಸುಮಾರು 22 ಲಕ್ಷ. ಊರು ಬಿಟ್ಟವರು, ಮನೆಯಲ್ಲಿ ಸಿಗದವರು ಅಂತ ತೋರಿಸಿದ್ದು ಅದಕ್ಕಿಂತ ಜಾಸ್ತಿ, ಸುಮಾರು 36 ಲಕ್ಷ. ಬಾಗಿಲು ತಟ್ಟಿದಾಗ ಸಿಗದವರು ಯಾರು ಅಂತ ಯೋಚಿಸಿ. ಕೂಲಿಗೆ ಹೋದವರು, ಬಾಡಿಗೆ ಮನೆಯವರು. ಡೆಲಿವರಿ ಕೆಲಸದ ತಮ್ಮನಿಗೆ ಓಟಿನ ಮೇಲೆ ನಂಬಿಕೆ ಹೋಗಿದೆಯಂತೆ. ನಿಮ್ಮಂಥವರು ಪಟ್ಟಿಯಿಂದ ಹೋದರೆ ಬಾಡಿಗೆ ವಿಷಯ ಮಾತಾಡೋ ಅಭ್ಯರ್ಥಿಗೆ ಕೇಳೋರೇ ಇರಲ್ಲವಲ್ಲಪ್ಪ.

ಅರ್ಜಿ ತಿರಸ್ಕಾರ ಆದರೆ ಸುಮ್ಮನಿರಬೇಡಿ. ಲಿಖಿತ ಆದೇಶ ಕೇಳಿ ತಗೊಳ್ಳಿ. 15 ದಿನದೊಳಗೆ ಜಿಲ್ಲಾಧಿಕಾರಿಗೆ ಅಪೀಲು ಹಾಕಬಹುದು, ಅಲ್ಲೂ ಆಗದಿದ್ದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ.

— ವಕೀಲರು, ಚಿತ್ರದುರ್ಗ

ಎರಡೇ ಮಾತು

ದಾವಣಗೆರೆ ಸಿಟಿಯಲ್ಲೇ ಉತ್ತರ, ದಕ್ಷಿಣ ಅಂತ ಎರಡು ಕ್ಷೇತ್ರ ಇವೆ. ನಾಲ್ಕು ರಸ್ತೆ ಆಚೆ ಮನೆ ಮಾಡಿದರೂ ಕ್ಷೇತ್ರ ಬದಲಾಗಿರಬಹುದು. ಅರ್ಜಿ ಹಾಕುವಾಗ ಇದನ್ನು ನೋಡಿಕೊಳ್ಳಿ, ನಮ್ಮ ಮನೆಯಲ್ಲಿ ಗಂಡನ ಹೆಸರು ಒಂದು ಕಡೆ ನನ್ನದು ಒಂದು ಕಡೆ ಆಗಿ ಎರಡು ಶಾಸಕರ ಮನೆ ಆಗಿತ್ತು.

— ಗೃಹಿಣಿ, ಕೆ.ಟಿ.ಜೆ. ನಗರ

ಮನೆ ಇದೆ, ನೋಡ್ತೀರಾ?

ಅಕ್ಕಾರೆ, ಕಾನೂನು ಗೀನೂನು ನನಗೆ ಗೊತ್ತಿಲ್ಲ. ನಮ್ಮ ಓಣಿಯಲ್ಲಿ ಒಂದು ಮನೆ ಖಾಲಿ ಇದೆ. ಅಜ್ಜಿಯೊಬ್ಬರದ್ದು, ಅಡ್ವಾನ್ಸ್ ಕಮ್ಮಿ. ಬಾಡಿಗೆ ಕೊಟ್ಟಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿ ಕೊಡುತ್ತಾರೆ, ಹಿಂದಿದ್ದವರ ಆಧಾರಿಗೂ ತಕರಾರು ಮಾಡಿಲ್ಲ. ಎರಡನೇ ಮಹಡಿ, ನಲ್ಲಿ ಕೆಳಗಡೆ ಇದೆ, ನೀರು ಬಂದ ದಿನ ಕೊಡ ಹೊತ್ತು ಹತ್ತಬೇಕು. ಆಟೋ ನಿಲ್ಲಿಸೋಕೆ ಜಾಗ ಇದೆ. ಮಾಂಸ ಮಾಡೋ ಹಾಗಿಲ್ಲ ಅಂತಾರೆ, ಅದೊಂದು ನೋಡಿಕೊಳ್ಳಿ. ಬರೋದಾದರೆ ಪತ್ರಿಕೆಯವರಿಗೆ ತಿಳಿಸಿ, ನನ್ನ ನಂಬರ್ ಅವರ ಹತ್ತಿರ ಕೊಟ್ಟಿದ್ದೇನೆ. ಶ್ರಾವಣಕ್ಕೆ ಮುಂಚೆ ಹೇಳಿ, ಆಮೇಲೆ ಕೇಳೋರು ಜಾಸ್ತಿ ಬರ್ತಾರೆ.

— ಟೈಲರಿಂಗ್ ಮಾಡುವವರು, ವಿನೋಬನಗರ