ಪೆಟ್ರೋಲ್, ಗ್ಯಾಸ್, ಪಾರ್ಸೆಲ್: ಮನೆಯ ತೈಲ ಖರ್ಚು ಇಳಿಸಲು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ಮೈಸೂರುಮನೆ)

ಕುವೆಂಪುನಗರದಲ್ಲಿ ನಾಲ್ಕು ಜನರ ಮನೆ. ಕಾರು ಲೀಟರಿಗೆ 14 ಕಿ.ಮೀ. ಕೊಡುತ್ತದೆ, ಸ್ಕೂಟರ್ 45. ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ದಿನವೂ ಕಾರಿನಲ್ಲೇ ಓಡಾಟ, ಹೋಗಿಬರಲು 20 ಕಿ.ಮೀ. ಸಿಲಿಂಡರ್ 40 ದಿನ ಬರುತ್ತದೆ. ವಾರಕ್ಕೆ ನಾಲ್ಕೈದು ಪಾರ್ಸೆಲ್ ಬಾಗಿಲಿಗೆ ಬರುತ್ತವೆ. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ 85ಕ್ಕಿಂತ ಹೆಚ್ಚು ಹೊರಗಿನಿಂದ ತರಿಸುವಾಗ ಹೀಗೆ ಸುಡುತ್ತಾ ಕೂರಲು ಮನಸ್ಸು ಒಪ್ಪುತ್ತಿಲ್ಲ. ಆದರೆ ಮನೆಮಂದಿಗೆ ಇದು ಶಿಕ್ಷೆ ಅನ್ನಿಸಬಾರದು. ಮೊದಲು ಯಾವುದಕ್ಕೆ ಕೈ ಹಾಕಲಿ?

ಉತ್ತರ (ಗಾಲಿ)

ಕೆಲಸದ ಓಡಾಟಕ್ಕೆ. ತಿಂಗಳಿಗೆ 25 ದಿನ ಅಂದರೆ 500 ಕಿ.ಮೀ., ಕಾರಿಗೆ ಸುಮಾರು 36 ಲೀಟರ್. ಅದೇ ದೂರಕ್ಕೆ ಸ್ಕೂಟರಿಗೆ 11 ಲೀಟರ್ ಸಾಕು. ಸ್ಕೂಟರ್ ಬೇಡವೆಂದರೆ ಅದೇ ದಾರಿಯ ಇನ್ನೊಬ್ಬರನ್ನು ಕೂರಿಸಿಕೊಳ್ಳಿ, ತಲೆಗೆ 18 ಲೀಟರಿಗೆ ಇಳಿಯುತ್ತದೆ. ಮುಂದೆ ಎಲೆಕ್ಟ್ರಿಕ್ ಸ್ಕೂಟರ್ ಕೊಂಡರೆ ಈ 500 ಕಿ.ಮೀ.ಗೆ ಚಾರ್ಜಿಂಗ್ ನಷ್ಟವೂ ಸೇರಿ 15ರಿಂದ 18 ಯೂನಿಟ್ ವಿದ್ಯುತ್ ಹಿಡಿಯಬಹುದು.

ಇದರಿಂದ ಮನೆಯವರ ಖುಷಿ ಕೆಡುತ್ತದೆ ಎಂಬ ಭಯ ಬೇಡ. 2004ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನಮನ್ ಮತ್ತು ಸಂಗಡಿಗರು ಅಮೆರಿಕದ ಟೆಕ್ಸಾಸ್‌ನಲ್ಲಿ ಉದ್ಯೋಗದಲ್ಲಿದ್ದ 909 ಮಹಿಳೆಯರಿಂದ ಹಿಂದಿನ ದಿನದ ಒಂದೊಂದು ಚಟುವಟಿಕೆಗೂ ಹೇಗನ್ನಿಸಿತ್ತು ಎಂದು ಬರೆಸಿದರು. ಕೆಲಸಕ್ಕೆ ಹೋಗಿಬರುವ ಪ್ರಯಾಣ ಪಟ್ಟಿಯ ತಳದಲ್ಲಿತ್ತು. ಮೇಲಿದ್ದದ್ದು ಆಪ್ತರ ಒಡನಾಟ, ಊಟ, ವಿಶ್ರಾಂತಿ. ಹೆಚ್ಚು ಪೆಟ್ರೋಲ್ ಕುಡಿಯುವ ಹೊತ್ತೇ ಹೆಚ್ಚು ಬೇಸರದ ಹೊತ್ತೂ ಆಗಿರುವಾಗ ಕಡಿತ ಅಲ್ಲಿಂದಲೇ ಶುರುವಾಗಲಿ. ಭಾನುವಾರ ನೆಂಟರ ಮನೆಗೆ ಹೋಗುವುದನ್ನು ನಿಲ್ಲಿಸಬೇಡಿ.

ಒಂದೆರಡು ಕಿ.ಮೀ.ಗೆ ಕಾರು ತೆಗೆಯುವುದನ್ನು ಮಾತ್ರ ಪೂರ್ತಿ ಬಿಡಿ. ತಣ್ಣಗಿರುವ ಎಂಜಿನ್ ಬಿಸಿಯೇರುವವರೆಗೆ ಹೆಚ್ಚು ಪೆಟ್ರೋಲ್ ಎಳೆಯುತ್ತದೆ, ಹಾಲು ತರಕಾರಿಯ ಓಡಾಟ ಆ ಹಂತದಲ್ಲೇ ಮುಗಿದುಹೋಗುತ್ತದೆ. ಟಯರಿನ ಗಾಳಿಯನ್ನು ಗಾಡಿ ಓಡುವ ಮುಂಚೆ ನೋಡಿಸಿ. ಓಡಿದ ಮೇಲೆ ಟಯರ್ ಬಿಸಿಯಾಗಿ ಒತ್ತಡ ಏರಿರುತ್ತದೆ, ಕಡಿಮೆಯಿದ್ದರೂ ಸರಿಯಿದ್ದಂತೆ ತೋರುತ್ತದೆ. ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಕಂಬದ ಸ್ಟಿಕರ್ ಮೇಲಿರುತ್ತದೆ. ಇನ್ನೊಂದು ಮಾತು: ಶೇ 20 ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಲೀಟರಿಗೆ ಶಕ್ತಿ ಶೇ 6-7ರಷ್ಟು ಕಡಿಮೆ. ಮೈಲೇಜ್ ಅಷ್ಟರಮಟ್ಟಿಗೆ ಇಳಿದರೆ ಗಾಡಿ ಕೆಟ್ಟಿತೆಂದು ಗಾಬರಿಯಾಗಬೇಡಿ.

ಉತ್ತರ (ಒಲೆಯ ಮುಂದೆ)

ಅಡುಗೆಮನೆಯ ಲೆಕ್ಕ ನನ್ನದು. 14.2 ಕೆ.ಜಿ. ಗ್ಯಾಸಿನಲ್ಲಿರುವುದು ಸುಮಾರು 180 ಯೂನಿಟ್ ವಿದ್ಯುತ್ತಿನಷ್ಟು ಶಾಖ. ಶೇ 60 ಪಾತ್ರೆಗೆ ಹತ್ತಿತು ಅಂದುಕೊಂಡರೆ ನಿಜಕ್ಕೂ ಬೇಯಿಸಿದ್ದು 108 ಯೂನಿಟ್. ಇಂಡಕ್ಷನ್‌ನಲ್ಲಿ ಶೇ 85 ಪಾತ್ರೆಗೆ ಹೋಗುತ್ತದೆ, ಹಾಗಾಗಿ ಒಂದು ಸಿಲಿಂಡರಿನ ಕೆಲಸಕ್ಕೆ 127 ಯೂನಿಟ್ ವಿದ್ಯುತ್ ಬೇಕು. ಅರ್ಧ ಅಡುಗೆಯನ್ನು ಅದಕ್ಕೆ ಹೊರಳಿಸಿದರೆ ನಿಮಗೆ ತಿಂಗಳಿಗೆ 48 ಯೂನಿಟ್ ಹೆಚ್ಚಾಗುತ್ತದೆ. ಅನ್ನ, ಬೇಳೆ, ಹಾಲು, ಬಿಸಿನೀರು ಅಲ್ಲಿರಲಿ. ರೊಟ್ಟಿ, ಒಗ್ಗರಣೆ ಗ್ಯಾಸಿನಲ್ಲೇ ಇರಲಿ.

ಕೆಡುವುದು ಹೆಚ್ಚಾಗಿ ಪ್ಲಗ್‌ನಲ್ಲಿ. 2000 ವ್ಯಾಟ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮಿಕ್ಸಿಯ 6 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ಓಡಿಸಿದರೆ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಕರಗಲು ಶುರುವಾಗುತ್ತದೆ. 16 ಆಂಪಿಯರ್ ಪಾಯಿಂಟ್, 2.5 ಚದರ ಮಿ.ಮೀ. ತಂತಿ, ಸರಿಯಾದ ಅರ್ತಿಂಗ್ ಇಲ್ಲದೆ ಕೊಳ್ಳಬೇಡಿ. ಪಾತ್ರೆಯ ತಳಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟಬೇಕು, ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ನಡೆಯದು. ಒಲೆಯ ಕೆಳಗೆ ಬಟ್ಟೆ, ಪೇಪರ್ ಹಾಸಬೇಡಿ. ಗಾಳಿಕಿಂಡಿ ಮುಚ್ಚಿದರೆ ಒಲೆ ಕಾದು ತಾನೇ ನಿಂತುಹೋಗುತ್ತದೆ.

ಗ್ಯಾಸಿನ ಉರಿ ಹಳದಿಯಾಗಿ ಪಾತ್ರೆಯ ತಳ ಮಸಿ ಹಿಡಿಯುತ್ತಿದ್ದರೆ ಬರ್ನರಿಗೆ ಗಾಳಿ ಸಾಲುತ್ತಿಲ್ಲ. ಬರ್ನರ್ ತಣಿದ ಮೇಲೆ ತೆಗೆದು ತೂತುಗಳನ್ನು ಪಿನ್ನಿನಿಂದ ಬಿಡಿಸಿ, ತೊಳೆದು, ಪೂರ್ತಿ ಒಣಗಿಸಿ ಕೂರಿಸಿ. ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಸಿ. ಸೀಟಿ ಬಂದ ಮೇಲೂ ದೊಡ್ಡ ಉರಿಯಿಟ್ಟರೆ ಹೆಚ್ಚಿನ ಶಾಖವೆಲ್ಲ ಹಬೆಯಾಗಿ ಹೋಗುತ್ತದೆ.

ಉತ್ತರ (ರಿಪೇರಿ ಅಂಗಡಿ)

ಪಾರ್ಸೆಲ್ಲಿನ ಒಳಗೂ ತೈಲವೇ ಇದೆ. ಪಾಲಿಯೆಸ್ಟರ್ ಬಟ್ಟೆಯ ಮೂಲ ಪೆಟ್ರೋಲಿಯಂ. ಮೇಲಿನ ಪ್ಲಾಸ್ಟಿಕ್ ಕವರ್, ಗುಳ್ಳೆ ಹಾಳೆಯೂ ಅದರದ್ದೇ. ವಾಪಸ್ ಕಳಿಸಿದರೆ ಗಾಡಿ ಮತ್ತೆ ಓಡಬೇಕು. ಆರ್ಡರ್‌ಗಳನ್ನು ವಾರಕ್ಕೊಮ್ಮೆ ಒಟ್ಟುಗೂಡಿಸಿ, ಕಾರ್ಟಿನಲ್ಲಿ ಹಾಕಿ ಎರಡು ದಿನ ಬಿಡಿ. ಕೆಲವನ್ನು ನೀವೇ ತೆಗೆದುಹಾಕಬಹುದು.

ಹೊಸದು ಕೊಳ್ಳುವ ಮುನ್ನ ಹಳೆಯದರ ರೋಗ ನೋಡಿ. ಮಿಕ್ಸಿಯ ಮೋಟರ್ ತಿರುಗಿಯೂ ಬ್ಲೇಡ್ ತಿರುಗದಿದ್ದರೆ ಹಲ್ಲು ಸವೆದಿರುವುದು ಜಾರನ್ನು ಮೋಟರಿಗೆ ಜೋಡಿಸುವ ಕಪ್ಲರಿನದು. ಒಳಗೆ ಕಿಡಿ ಹಾರಿ, ಒಮ್ಮೆ ಓಡಿ ಒಮ್ಮೆ ನಿಂತರೆ ಮೋಟರಿಗೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್ ಜೋಡಿ ಸವೆದಿರಬಹುದು, ಎರಡೂ ಬ್ರಷ್‌ಗಳನ್ನು ಒಟ್ಟಿಗೇ ಬದಲಿಸಬೇಕು. ಇವು ಅಗ್ಗದ ಬಿಡಿಭಾಗಗಳು. ಇಷ್ಟಕ್ಕೇ ಇಡೀ ಯಂತ್ರವನ್ನು ಗುಜರಿಗೆ ಹಾಕುವುದು ಅನ್ಯಾಯ.

ಮೈಸೂರುಮನೆ

ಇಂಡಕ್ಷನ್ ಇಟ್ಟರೆ ಗೃಹಜ್ಯೋತಿಯ ಉಚಿತ ವಿದ್ಯುತ್ತಿಗೆ ಪೆಟ್ಟು ಬೀಳುತ್ತದೆಯೇ?

ಒಲೆಯ ಮುಂದೆ

ಬೀಳಬಹುದು. ಹೆಚ್ಚಿನ ಮನೆಗಳ ಉಚಿತ ಮಿತಿ 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇ 10. ಅದನ್ನು ದಾಟಿದಷ್ಟಕ್ಕೆ ಮಾತ್ರ ಹಣ, ಆದರೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಈಗಿನ ಬಿಲ್ಲಿಗೆ 48 ಯೂನಿಟ್ ಕೂಡಿಸಿ ನೋಡಿ. ಮೊತ್ತ 190ರ ಆಸುಪಾಸಿಗೆ ಬಂದರೆ ಅನ್ನ, ಬೇಳೆಯನ್ನಷ್ಟೇ ಇಂಡಕ್ಷನ್‌ಗೆ ಬಿಟ್ಟು, ಬಿಸಿನೀರನ್ನು ಗ್ಯಾಸಿನಲ್ಲೇ ಉಳಿಸಿಕೊಳ್ಳಿ.